ಕಂಬಳಿಯ ಮೇಲಿನ ನಾಡು

“ಅಜ್ಜಾರೇ, ಎರಡು ಎಣಿಕೆಯೂ ಸರಿಯಾಗಿದ್ದು, ಎರಡೂ ಬೇರೆ ಬೇರೆ ಜಾಗವನ್ನು ತೋರಿಸಿದರೆ ಯಾವುದನ್ನು ನಂಬಬೇಕು?”

ಕೇಳಿದವನು ಮರಿದೇವನೆಂಬ ಶಿಷ್ಯ. ಸುತ್ತಿನ ಹಳ್ಳಿಗಳಲ್ಲಿ ಎಲ್ಲಾದರೂ ಒಂದು ಕಡೆ ಅನ್ನದ ಮನೆ ತೆರೆಯಬೇಕೆಂದು ಮಠದಲ್ಲಿ ತೀರ್ಮಾನವಾಗಿತ್ತು. ಕಣಜದಲ್ಲಿದ್ದ ಕಾಳು ಒಂದೇ ಒಂದು ಮನೆಗೆ ಆಗುವಷ್ಟು. ಹಸಿವು ಎಲ್ಲಿ ಹೆಚ್ಚೋ ಅಲ್ಲಿ ತೆರೆಯೋಣ, ನೋಡಿಕೊಂಡು ಬಾ ಎಂದು ಗುರುಗಳು ಅವನನ್ನು ಕಳಿಸಿದ್ದರು. ಅವನು ಇಪ್ಪತ್ತು ದಿನ ತಿರುಗಿದ. ಒಲೆ ಹೊತ್ತದ ಮನೆಗಳನ್ನು ಎಣಿಸಿದ. ಊರುಗಳ ಲೆಕ್ಕ ಹಾಕಿದಾಗ ತೆಂಕಣ ದಿಕ್ಕಿನ ಒಂದು ಹಳ್ಳಿ ಮುಂದೆ ಬಂತು. ಅದೇ ಮನೆಗಳನ್ನು ಹೋಬಳಿವಾರು ಕೂಡಿದಾಗ ಬಡಗಣ ಹೋಬಳಿ ಮುಂದೆ ಬಂತು. ಮತ್ತೆ ಎಣಿಸಿದ. ತಪ್ಪು ಸಿಗಲಿಲ್ಲ. ಆ ಬೆಳಿಗ್ಗೆ ಅವನು ಮಠಕ್ಕೆ ಮರಳಿದಾಗ, ಗೋಡೆಯ ಹೊರಗಿನ ಹುಣಸೆಮರದ ಕೆಳಗೆ ಬರಿತಟ್ಟೆ ಮುಂದಿಟ್ಟುಕೊಂಡು ಕೂತಿದ್ದವರು ಸರಿದು ದಾರಿ ಬಿಟ್ಟರು. ಅವನು ನೆಟ್ಟಗೆ ಒಳಗೆ ಬಂದು, ಲೆಕ್ಕದ ಹಾಳೆಯನ್ನು ಗುರುಗಳ ಮುಂದಿಟ್ಟು, ಕೈಮುಗಿದು ಇದನ್ನು ಕೇಳಿದ.

ಗುರುಗಳು ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಮತ್ತೊಮ್ಮೆ ಓದಿದರು. ಬಳಿಕ ಅದನ್ನು ಮಡಿಸದೆ ಮಗ್ಗುಲಲ್ಲಿ ಇಟ್ಟುಕೊಂಡು, “ಕೂತುಕೊಳ್ಳಪ್ಪ” ಎಂದರು. ಕತೆ ಹೇಳಿದರು.

ಒಂದು ನಾಡು. ಅದರ ನಡುವೆ ಒಂದು ಹಳ್ಳ. ಹಳ್ಳದ ಆಚೆ ಇಪ್ಪತ್ತು ಊರು, ಈಚೆ ಇಪ್ಪತ್ತು ಊರು. ಊರುಗಳನ್ನು ಹಂಚಿಕೊಟ್ಟ ಹಿರಿಯರು ನ್ಯಾಯವಂತರು. ಒಂದು ಊರಿಗೆ ಬರೀ ನೀರು, ಇನ್ನೊಂದಕ್ಕೆ ಬರೀ ಗುಡ್ಡ ಆಗಬಾರದೆಂದು, ಹಳ್ಳದಿಂದ ಗುಡ್ಡದ ನೆತ್ತಿಯವರೆಗೆ ನೆಲವನ್ನು ಉದ್ದುದ್ದ ಸೀಳಿ, ಕುಂಬಳಕಾಯಿಯ ಹೋಳು ಕೊಟ್ಟಂತೆ ಕೊಟ್ಟಿದ್ದರು. ಪ್ರತಿ ಊರಿಗೂ ತುಸು ದಂಡೆ, ತುಸು ಹೊಲ, ತುಸು ಹುಲ್ಲುಗುಡ್ಡ. ಆಚೆಯವರಿಗೂ ಈಚೆಯವರಿಗೂ ನಡುವೆ ಹಳ್ಳವೇ ಗಡಿ. “ಕಲ್ಲು ನೆಟ್ಟರೆ ಕಲ್ಲು ನಡೆದುಬಿಡುತ್ತದೆ. ಹಳ್ಳ ನಡೆಯುತ್ತಲೇ ಇದ್ದರೂ ಇದ್ದಲ್ಲೇ ಇರುತ್ತದೆ” ಎಂದು ಅವರು ಹೇಳಿದ್ದರಂತೆ. ಗಡಿ ಜಗಳವೆಂಬುದು ಆ ನಾಡಿನಲ್ಲಿ ಮೂರು ತಲೆಮಾರಿನಿಂದ ಇರಲಿಲ್ಲ.

ಆ ನಾಡಿಗೆ ಚಳಿಜ್ವರ ಬಂತು. ಬಂದದ್ದು ಹೋಗಲಿಲ್ಲ. ಮೂರನೆಯ ವರ್ಷ ನಾಡಿನ ನಾಯಕ ತನ್ನ ಕರಣಿಕನನ್ನು ಕರೆಸಿದ. ಊರು, ಮನೆ, ಜನಗಳ ಲೆಕ್ಕ ಇಡುವುದು ಕರಣಿಕನ ಕೆಲಸ.

“ಜ್ವರ ಎಲ್ಲಿ ಬೀಡುಬಿಟ್ಟಿದೆ, ಹುಡುಕಿ ಹೇಳು” ಎಂದ ನಾಯಕ. “ಆ ಜಾಗ ಖಾಲಿಯಾಗಲಿ. ಅಲ್ಲಿಯ ಜನ ಗುಡ್ಡದಾಚೆ ಹೋಗಲಿ. ಮನೆಗಳಿಗೆ ಬೆಂಕಿ ಇಡಿಸುತ್ತೇನೆ. ಉಳಿದವರಾದರೂ ಉಳಿಯಲಿ.”

ಕರಣಿಕ ಒಳ್ಳೆಯವನು. ಅವನಿಗೆ ಭಯವಾಯಿತು. ತನ್ನ ಬೆರಳು ತೋರಿಸಿದ ಊರು ಮಾರನೆಯ ದಿನ ಬೂದಿಯಾಗುತ್ತದೆ. ಆದ್ದರಿಂದ ಬೆರಳು ತಪ್ಪಬಾರದು ಎಂದುಕೊಂಡ. ತಾನೇ ನಲವತ್ತೂರು ನಡೆದ. ಒಂದು ಮನೆಯನ್ನೂ ಬಿಡಲಿಲ್ಲ. ಜ್ವರ ಹೊಕ್ಕ ಮನೆಗೆ ಒಂದು ಗುಲಗಂಜಿ, ಹೊಗದ ಮನೆಗೆ ಒಂದು ಬಿಳಿಜೋಳ. ಹೀಗೆ ಊರಿಗೊಂದು ಚೀಲ ಕಟ್ಟಿಕೊಂಡು ಬಂದ.

ಚಾವಡಿಯಲ್ಲಿ ನಾಡಿನ ಕಂಬಳಿ ಹಾಸಿತ್ತು. ಹನ್ನೆರಡು ಕರಿಕಂಬಳಿಗಳನ್ನು ಅಂಚಿಗೆ ಅಂಚು ಕೂಡಿಸಿ ಹೊಲಿದದ್ದು. ಅದರ ಮೇಲೆ ಬಿಳಿ ಉಣ್ಣೆಯ ನೂಲಿನಿಂದ ಗಡಿ ಹಾಕಿ, ಗಡಿಯೊಳಗೆ ಮನೆ ಇದ್ದ ಕಡೆ ಕಾಳು ಇಡಬೇಕು. ಅದು ಅವನ ಮುತ್ತಜ್ಜನ ಕಾಲದಿಂದ ಬಂದ ಕ್ರಮ. ಊರಿಗೊಂದು ಸುತ್ತು ನೂಲು. ಎರಡು ಊರು ಕೂಡುವಲ್ಲಿ ಎರಡು ನೂಲು ಜೊತೆಯಾಗಿ ಬೀಳುತ್ತಿದ್ದವು. ಇನ್ನೂ ಒಂದು ಕಟ್ಟಳೆಯಿತ್ತು: ಹೊಸ ನೂಲು ಹಾಕದೆ ಹಳೆಯ ನೂಲನ್ನು ಎತ್ತಬಾರದು. ಗಡಿಯಿಲ್ಲದ ನಾಡು ಅರಸನಿಲ್ಲದ ನಾಡು. ಕಂಬಳಿಯ ಮೇಲೆ ಕೂಡ, ಒಂದು ಗಳಿಗೆ ಕೂಡ, ಹಾಗಾಗಕೂಡದು. ಅವನ ಮುತ್ತಜ್ಜ ಎತ್ತಿರಲಿಲ್ಲ, ಅಜ್ಜ ಎತ್ತಿರಲಿಲ್ಲ, ಅಪ್ಪ ಎತ್ತಿರಲಿಲ್ಲ.

ಕರಣಿಕ ಮೊದಲು ನಾಡನ್ನು ನಾಲ್ಕು ಸೀಮೆ ಮಾಡಿದ. ಆಚೆ ಎರಡು, ಈಚೆ ಎರಡು. ಕಾಳು ಎಣಿಸಿದ. ನಾಲ್ಕು ಸೀಮೆಯಲ್ಲೂ ಹತ್ತಕ್ಕೆ ಒಂದು ಮನೆ ಕೆಂಪು. ಕೂದಲೆಳೆಯ ವ್ಯತ್ಯಾಸವಿಲ್ಲ.

“ಹಾಗಾದರೆ ಜ್ವರಕ್ಕೆ ಜಾಗವೇ ಇಲ್ಲವೆಂದಾಯಿತು” ಎಂದ ನಾಯಕ. “ಗಾಳಿಗೆ ಬೆಂಕಿ ಇಡಲೇನು? ಇನ್ನೂ ಸಣ್ಣದಾಗಿ ನೋಡು.”

ಕರಣಿಕ ಊರೂರಿಗೆ ನೂಲು ಹಾಕಿದ. ಈಗ ಒಂದು ಊರು ತಲೆಯೆತ್ತಿತು. ನಲವತ್ತು ಮನೆಯಲ್ಲಿ ಏಳು ಕೆಂಪು. ಸುದ್ದಿ ಚಾವಡಿಯ ಬಾಗಿಲು ದಾಟುವುದರೊಳಗೆ ಆ ಊರಿನ ಗೌಡ ಓಡಿಬಂದ.

“ಕರಣಿಕಪ್ಪಾ, ನಮ್ಮ ಕೆಳಗೇರಿ ನಮ್ಮದಾದದ್ದು ನನ್ನ ಮದುವೆಯ ವರ್ಷ. ಅಲ್ಲಿಯವರೆಗೆ ಅದು ಪಕ್ಕದ ಊರಿನದು. ಬಳುವಳಿಯಾಗಿ ಬಂತು. ಹೆಣ್ಣನ್ನೂ ಕೊಟ್ಟರು, ಜ್ವರವನ್ನೂ ಕೊಟ್ಟರು. ಹಳೆಯ ಗಡಿ ಹಾಕಿ ನೋಡು.”

ಗೌಡ ಹೇಳಿದ್ದು ಸುಳ್ಳಲ್ಲ. ಹಳೆಯ ಓಲೆಯಲ್ಲಿ ಹಾಗೆಯೇ ಇತ್ತು. ಕರಣಿಕ ನೂಲನ್ನು ಒಂದು ಗೇಣು ಸರಿಸಿದ. ಆ ಊರು ನಾಡಿನ ನಲವತ್ತು ಊರುಗಳಲ್ಲಿ ಒಂದಾಗಿ ಸುಮ್ಮನೆ ಮಲಗಿತು. ಪಕ್ಕದ ಊರು ಎದ್ದು ಕೂತಿತು. ಮಧ್ಯಾಹ್ನಕ್ಕೆ ಪಕ್ಕದ ಊರಿನ ಗೌಡ ಬಂದ. ಅವನ ಬಾಯಲ್ಲೂ ಒಂದು ಬಳುವಳಿಯ ಕತೆ ಇತ್ತು. ಅದೂ ಸುಳ್ಳಲ್ಲ.

ಮೂರು ದಿನ ಹೀಗೆ ನಡೆಯಿತು. ಕಾಳು ಒಂದೂ ಕದಲಲಿಲ್ಲ. ಜ್ವರ ಮಾತ್ರ ಊರಿಂದ ಊರಿಗೆ ನಡೆಯಿತು. ಕರಣಿಕನಿಗೆ ಊಟ ಸೇರದಾಯಿತು. ಅವನು ಹಾಕಿದ ಒಂದೊಂದು ಗಡಿಯೂ ಎಂದೋ ಒಮ್ಮೆ ನಿಜವಾಗಿದ್ದ ಗಡಿ. ಅವನು ಎಣಿಸಿದ ಒಂದೊಂದು ಕಾಳೂ ಅವನೇ ಕಣ್ಣಾರೆ ಕಂಡ ಮನೆ. ಎಲ್ಲವೂ ನಿಜ, ಆದರೆ ಕೈಗೆ ಹತ್ತುವ ನಿಜ ಯಾವುದೂ ಇಲ್ಲ.

ಕೊನೆಗೆ ಅವನು ಕೇರಿಕೇರಿಗೂ ನೂಲು ಹಾಕಿದ. ಪಟ್ಟಿ ಬರೆದ. ಪಟ್ಟಿಯ ನೆತ್ತಿಯಲ್ಲಿ ಒಂದು ಕೇರಿ ನಿಂತಿತು. ಅದರಲ್ಲಿ ಇದ್ದದ್ದೇ ಐದು ಮನೆ. ನಾಲ್ಕು ಕೆಂಪು.

ನಾಯಕ ನಿಟ್ಟುಸಿರು ಬಿಟ್ಟ. “ಇದೇ ಸರಿ. ಐದು ಮನೆ ಎಬ್ಬಿಸುವುದು ಸುಲಭ” ಎಂದ. ಎಂಟು ದಿನದ ಗಡುವು ಕೊಟ್ಟ.

ಸರಿಯಾದದ್ದು ಬೇರೆ, ಸುಲಭವಾದದ್ದು ಬೇರೆ ಎಂದು ಕರಣಿಕನಿಗೆ ಅನ್ನಿಸಿತು. ಆದರೆ ಆ ಮಾತಿಗೆ ಅವನ ಬಳಿ ಲೆಕ್ಕವಿರಲಿಲ್ಲ. ಲೆಕ್ಕವಿಲ್ಲದ ಮಾತನ್ನು ಕರಣಿಕ ಆಡುವ ಹಾಗಿರಲಿಲ್ಲ.

ಐದನೆಯ ದಿನ ಒಬ್ಬ ಮುದುಕಿ ಚಾವಡಿಗೆ ಬಂದಳು. ಆ ಐದು ಮನೆಯ ಕೇರಿಯವಳು. ಕುರಿಯ ಉಣ್ಣೆ ನೂತು ಬದುಕುವವಳು. ಸೊಂಟದಲ್ಲಿ ಕದಿರು ಸಿಕ್ಕಿಸಿಕೊಂಡೇ ಬಂದಿದ್ದಳು.

“ಕರಣಿಕಪ್ಪ ಅಂದರೆ ನೀನೇ ಏನಪ್ಪಾ?”

“ನಾನೇ, ತಾಯಿ.”

“ಹೋದ ವಾರ ನಮ್ಮ ಕೇರಿ ನಿನ್ನ ಲೆಕ್ಕದಲ್ಲಿ ಗಟ್ಟಿಮುಟ್ಟಾಗಿತ್ತಂತೆ. ಈ ವಾರ ನಾಡಿಗೇ ಹೊಲಸಂತೆ. ನಡುವೆ ನಾವು ಯಾರೂ ಕೆಮ್ಮಲೂ ಇಲ್ಲವಲ್ಲ. ಏನಾಯಿತು ನಮಗೆ?”

ಕರಣಿಕ ತಲೆ ತಗ್ಗಿಸಿದ. “ನೂಲು ಬದಲಾಯಿತು ತಾಯಿ” ಎಂದ.

“ಚೆನ್ನಾಯಿತು. ನಾನು ನೂಲು ಬದಲಾಯಿಸಿದರೆ ಕಂಬಳಿ ಬದಲಾಗುತ್ತದೆ. ನೀನು ಬದಲಾಯಿಸಿದರೆ ಮನುಷ್ಯರೇ ಬದಲಾಗುತ್ತಾರೆ. ನಿನ್ನ ಕೈ ದೊಡ್ಡದು.” ಅವಳು ಕಂಬಳಿಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಳು. “ನನ್ನ ಮನೆ ತೋರಿಸು, ನೋಡೋಣ. ಸುಡುವ ಮೊದಲು ಒಮ್ಮೆ ನೋಡಿಕೊಳ್ಳುತ್ತೇನೆ.”

ಅವನು ಒಂದು ಗುಲಗಂಜಿಯನ್ನು ತೋರಿಸಿದ. ಮುದುಕಿ ಬಗ್ಗಿ ನೋಡಿದಳು. ಅವಳ ದನಿ ಇಳಿಯಿತು.

“ಇದರೊಳಗೆ ನನ್ನ ಸೊಸೆ ಹೊನ್ನಿ ಮಲಗಿದ್ದಾಳೆ. ಎತ್ತಿ ಕೂರಿಸಿದರೆ ಕೂರುತ್ತಾಳೆ. ಗುಡ್ಡ ಹತ್ತು ಅಂದರೆ ಹತ್ತಲಾರಳು.” ಸೊಂಟದ ಕದಿರನ್ನು ಸರಿಪಡಿಸಿಕೊಂಡಳು. “ನಾನು ಹುಟ್ಟಿದ ಊರು ಹನ್ನೆರಡು ಹರದಾರಿ ದೂರ ಕಣಪ್ಪ. ಹದಿಮೂರು ವರ್ಷದವಳು ಬಿಟ್ಟುಬಂದೆ. ಬೇರು ಹತ್ತಲು ಇಪ್ಪತ್ತು ವರ್ಷ ಬೇಕಾಯಿತು. ಒಮ್ಮೆ ಬಿಡುವುದು ಹೆಣ್ಣಾದವಳ ಪಾಡು, ಬಿಟ್ಟೆ. ಇನ್ನೊಮ್ಮೆ ಬಿಡು ಅಂದರೆ ಎಲ್ಲಿಂದ ತರಲಿ ಇಪ್ಪತ್ತು ವರ್ಷ?”

ಮುದುಕಿಯ ಕಣ್ಣು ಅವಳ ಮನೆಯ ಪಕ್ಕಕ್ಕೆ ಸರಿಯಿತು. ಎರಡು ನೂಲಿನ ಆಚೆ, ಬೆರಳಗಲ ದೂರದಲ್ಲಿ, ಇನ್ನೊಂದು ಗುಲಗಂಜಿ ಇತ್ತು.

“ಇದು ಯಾರ ಮನೆ?”

“ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ ತಾಯಿ. ಆಚೆ ದಂಡೆಯ ಊರು. ಸೀಮೆಯೇ ಬೇರೆ.”

“ಸೀಮೆ ಬೇರೆಯೇ? ಅದು ಹೊನ್ನಿಯ ಅಕ್ಕ ದ್ಯಾಮಿಯ ಮನೆ. ಬಾಗಿಲಲ್ಲಿ ನಿಂತು ಕೂಗಿದರೆ ಅವಳು ಓ ಅನ್ನುತ್ತಾಳೆ. ಕೊಡ ತುಂಬುವುದು ಇಬ್ಬರದೂ ಒಂದೇ ಮಡು. ಇವಳಿಗೆ ನಡುಕ ಬಂದ ದಿನವೇ ಅವಳಿಗೂ ಬಂತು. ಯಾಕೆ ಅವಳನ್ನು ನಮ್ಮ ಜೊತೆ ಎಣಿಸಲಿಲ್ಲ?”

“ನಡುವೆ ಹಳ್ಳ ಇದೆಯಲ್ಲ ತಾಯಿ. ಹಳ್ಳ ಗಡಿ.”

ಮುದುಕಿ ಅವನ ಮುಖ ನೋಡಿದಳು. “ಗಡಿ ನಿಮ್ಮ ಜಗಳಕ್ಕೆ. ಜ್ವರಕ್ಕೆ ಯಾರಪ್ಪ ಹೇಳಿದರು?”

ಹಾಗೆಂದವಳು ಏಳಲು ಹೋದಳು. ಅವಳ ಕಾಲಿಗೆ ನೂಲಿನ ತುದಿಯೊಂದು ತೊಡರಿತು. ನೆಲದ ಮೇಲೆ ಬಿದ್ದ ನೂಲನ್ನು ದಾಟಿ ಹೋಗುವುದು ನೂಲುವವರಲ್ಲಿ ದೋಷ. ಸುತ್ತಿ ಎತ್ತಿಡಬೇಕು. ಅವಳು ಯೋಚಿಸಲಿಲ್ಲ. ತುದಿ ಹಿಡಿದು, ಹೆಬ್ಬೆರಳಿಗೂ ಮೊಣಕೈಗೂ ಸುತ್ತತೊಡಗಿದಳು.

“ತಾಯಿ, ಎತ್ತಬಾರದು” ಎಂದ ಕರಣಿಕ. ಮುದುಕಿಯ ಕೈ ನಿಲ್ಲಲಿಲ್ಲ. ಅರವತ್ತು ವರ್ಷ ಸುತ್ತಿದ ಕೈ ಅದು. ಒಂದು ಕೇರಿಯ ಗಡಿ ಎದ್ದಿತು. ಅದಕ್ಕೆ ಗಂಟು ಹಾಕಿದ್ದ ಇನ್ನೊಂದು ಎದ್ದಿತು. ಕಾಳು ಒಂದೂ ಅಲುಗದಂತೆ ಅವಳು ನೂಲನ್ನು ಬಿಡಿಸಿದಳು. ಊರುಗಳು ಹೋದವು. ಸೀಮೆಗಳು ಹೋದವು. ನಾಲ್ಕು ತಲೆಮಾರಿನಲ್ಲಿ ಮೊದಲ ಸಲ ನಾಡು ಗಡಿಯಿಲ್ಲದೆ ಕಂಬಳಿಯ ಮೇಲೆ ಮಲಗಿತು.

ಕರಣಿಕ ನೋಡಿದ.

ಕರಿಯ ಕಂಬಳಿಯ ತುಂಬ ಬಿಳಿಯ ಕಾಳು ಚೆಲ್ಲಿತ್ತು. ಅದರ ನಟ್ಟನಡುವೆ, ಮೂಡಣ ಮೂಲೆಯಿಂದ ಪಡುವಣ ಮೂಲೆಗೆ, ಕೆಂಪು ಕಾಳುಗಳು ಹರಿದುಹೋಗಿದ್ದವು. ಎಲ್ಲಿಯೂ ಕಡಿದಿರಲಿಲ್ಲ. ಒಂದು ಕಡೆ ಬಳುಕಿ, ಒಂದು ಕಡೆ ನೆಟ್ಟಗಾಗಿ, ಮತ್ತೆ ಬಳುಕಿ, ಎರಡು ಸಾಲು ಒಂದರ ಮಗ್ಗುಲಲ್ಲಿ ಒಂದು ಸಾಗಿದ್ದವು. ಅವನಿಗೆ ಆ ಬಳುಕು ಗೊತ್ತಿತ್ತು. ಹುಡುಗನಾಗಿದ್ದಾಗ ಅದರಲ್ಲಿ ಈಜಿದ್ದ. ಅದು ಹಳ್ಳ. ಅದನ್ನು ಯಾರೂ ಬರೆದಿರಲಿಲ್ಲ. ಜ್ವರ ಬಂದ ಮನೆಗಳೇ ಸಾಲಾಗಿ ನಿಂತು ಅದನ್ನು ಬರೆದಿದ್ದವು. ಅವನು ಇಷ್ಟು ದಿನವೂ ಅದರ ಮೇಲೆಯೇ ನೂಲು ಹಾಕಿದ್ದ. ಒಂದಲ್ಲ, ಎರಡೆರಡು ನೂಲು.

ಆಗ ಅವನಿಗೆ ಎಲ್ಲವೂ ತಿಳಿಯಿತು. ಯಾವ ಊರಿನಲ್ಲೂ ಜ್ವರ ನಡುಮನೆಯಲ್ಲಿ ಇರಲಿಲ್ಲ, ಅಂಚಿನಲ್ಲಿತ್ತು. ಅದನ್ನು ಅವನು ನಲವತ್ತು ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಊರಿನ ಹೊಲಗುಡ್ಡಗಳ ಜೊತೆ ಕಲಸಿ, ತೆಳ್ಳಗೆ ಮಾಡಿ ಎಣಿಸಿದ್ದ. ಹಿರಿಯರು ನ್ಯಾಯಕ್ಕಾಗಿ ಹಂಚಿದ ನೆಲ ಸಂಕಟವನ್ನೂ ಸಮನಾಗಿ ಹಂಚಿ ಮುಚ್ಚಿಬಿಟ್ಟಿತ್ತು. ತಾನು ಯಾವುದನ್ನು ಗಡಿ ಎಂದುಕೊಂಡಿದ್ದನೋ ಅದೇ ಜ್ವರದ ನಡುಮನೆ.

ತಾನು ನಿಂತಿರುವುದು ಕಂಬಳಿಯ ಮೇಲೆ ಎಂದು ಅವನಿಗೆ ನೆನಪಾಯಿತು. ಇಷ್ಟು ವರ್ಷ ಅದರ ಮೇಲೆ ಓಡಾಡಿದ್ದ. ಮೆಲ್ಲಗೆ ಹಿಂದೆ ಹಿಂದೆ ಹೆಜ್ಜೆಯಿಟ್ಟು ಕೆಳಗಿಳಿದ. ನೆಲಕ್ಕೆ ಹಣೆ ಹಚ್ಚಿದ. ಎದ್ದಾಗ ಕಣ್ಣು ಒದ್ದೆಯಾಗಿತ್ತು.

“ಏನಾಯಿತಪ್ಪಾ?” ಎಂದಳು ಮುದುಕಿ, ಕೈಯಲ್ಲಿ ನೂಲಿನ ಉಂಡೆ ಹಿಡಿದುಕೊಂಡು. “ಎಷ್ಟೋ ಚಲೋ ಉಣ್ಣೆ. ನೆಲದಲ್ಲಿ ಹಾಕಿ ಹಾಳುಮಾಡಿದ್ದೀರಿ.”

ನಾಯಕ ಬಂದ. ಅವನೂ ನೋಡಿದ. ಐದು ಮನೆಗೆ ಇಡಬೇಕಾಗಿದ್ದ ಬೆಂಕಿ ಅಂದೇ ಆರಿತು.

ಎಲ್ಲರೂ ಹಳ್ಳಕ್ಕೆ ಹೋದರು. ಹಳ್ಳ ಹಳ್ಳವಾಗಿ ಉಳಿದಿರಲಿಲ್ಲ. ಎದೆಯೆತ್ತರ ಜೊಂಡು ಬೆಳೆದಿತ್ತು. ನೀರು ನಿಂತು ಹಸಿರುಗಟ್ಟಿತ್ತು. ಹೂಳು ಎತ್ತುವ ಕೆಲಸವನ್ನು ಆಚೆಯವರು ಈಚೆಯವರದು ಎಂದಿದ್ದರು, ಈಚೆಯವರು ಆಚೆಯವರದು ಎಂದಿದ್ದರು. ಗಡಿಯಾದದ್ದು ಯಾರದೂ ಆಗಿರಲಿಲ್ಲ. ಜಗಳವಿಲ್ಲದ ಮೂರು ತಲೆಮಾರು ಅದರ ಹೂಳನ್ನು ಯಾರೂ ಮುಟ್ಟಿರಲಿಲ್ಲ. ಆ ಬೇಸಗೆ ನಲವತ್ತು ಊರಿನವರು ಕುಡುಗೋಲು, ಗುದ್ದಲಿ ಹಿಡಿದು ಇಳಿದರು. ಜೊಂಡು ಕೊಯ್ದರು. ನೀರಿಗೆ ದಾರಿ ಬಿಡಿಸಿದರು. ಎರಡು ಮಳೆಗಾಲ ಕಳೆದ ಮೇಲೆ ಜ್ವರ ಬಹಳ ಇಳಿಯಿತು. ಪೂರಾ ಹೋಯಿತು ಎಂದರೆ ಕತೆಯಾಗುತ್ತದೆ. ಪೂರಾ ಹೋಗಲಿಲ್ಲ. ಹೊನ್ನಿ ಎದ್ದು ಓಡಾಡಿದಳು. ಮುದುಕಿ ತಾನು ಬೇರುಬಿಟ್ಟ ಕೇರಿಯಲ್ಲೇ ಕಣ್ಣು ಮುಚ್ಚಿದಳು.

ನಾಯಕನಿಗೆ ಹಿಡಿಸಲಾರದ ಹಿಗ್ಗು. “ಇನ್ನು ಮುಂದೆ ಇದೇ ನಮ್ಮ ಗಡಿ” ಎಂದು ಕಟ್ಟಳೆ ಮಾಡಿದ. ಹಳ್ಳದ ಎರಡು ದಂಡೆ ಕೂಡಿ ಒಂದು ಸೀಮೆ, ಹೊಲಗಳು ಒಂದು ಸೀಮೆ, ಗುಡ್ಡ ಒಂದು ಸೀಮೆ. ಕರಣಿಕ ಹಾಗೆಯೇ ನೂಲು ಹಾಕಿದ. ನೆಮ್ಮದಿಯಿಂದ ಮಲಗಿದ.

ಏಳೆಂಟು ವರ್ಷ ಕಳೆಯಿತು. ದನಗಳಿಗೆ ಕಾಲುಬಾಯಿ ರೋಗ ಬಂತು. ಕರಣಿಕ ಮತ್ತೆ ನಲವತ್ತೂರು ನಡೆದು, ಕಾಳು ತಂದು, ಹೊಸ ಸೀಮೆಗಳಲ್ಲಿ ಇಟ್ಟು ಎಣಿಸಿದ. ದಂಡೆಯಲ್ಲಿ ಎಷ್ಟೋ ಹೊಲದಲ್ಲೂ ಅಷ್ಟೇ. ಹೊಲದಲ್ಲಿ ಎಷ್ಟೋ ಗುಡ್ಡದಲ್ಲೂ ಅಷ್ಟೇ. ಹತ್ತಕ್ಕೆ ಒಂದು. ಕೂದಲೆಳೆಯ ವ್ಯತ್ಯಾಸವಿಲ್ಲ.

ಈ ಲೆಕ್ಕವನ್ನು ಅವನು ಹಿಂದೊಮ್ಮೆ ಕಂಡಿದ್ದ.

ಅವನು ನೂಲಿನ ತುದಿ ಹುಡುಕಿದ. ಹೆಬ್ಬೆರಳಿಗೂ ಮೊಣಕೈಗೂ, ಮುದುಕಿ ಸುತ್ತಿದಂತೆಯೇ ಸುತ್ತಿದ. ಅವನ ಕೈಗೆ ಅಭ್ಯಾಸವಿರಲಿಲ್ಲ, ಹೊತ್ತು ಹಿಡಿಯಿತು. ನೂಲು ಪೂರಾ ಎದ್ದ ಮೇಲೆ ಕಂಬಳಿಯ ಮೇಲೆ ಇನ್ನೊಂದು ದಾರಿ ಇತ್ತು. ಅದು ಗುಡ್ಡದ ನೆತ್ತಿಯಿಂದ ಇಳಿದು, ಹೊಲಗಳನ್ನು ಹಾದು, ಹಳ್ಳವನ್ನು ಅಡ್ಡಕ್ಕೆ ದಾಟಿ, ಆಚೆ ಗುಡ್ಡ ಹತ್ತಿತ್ತು. ದನ ಹೊಡೆದುಕೊಂಡು ಸಂತೆಗೆ ಹೋಗುವ ದಾರಿ. ಹಳ್ಳವನ್ನು ನೋಡಿ ಹಾಕಿದ ಗಡಿಯೇ ಈ ಸಲ ಸಂತೆಯ ದಾರಿಯನ್ನು ಮೂರು ತುಂಡು ಮಾಡಿ ಅಡಗಿಸಿತ್ತು.

ಕರಣಿಕ ಕೂತುಬಿಟ್ಟ. ಒಂದೇ ನೆಲ. ಅದರ ಮೇಲೆ ಜ್ವರಕ್ಕೆ ಒಂದು ನಾಡು, ದನದ ರೋಗಕ್ಕೆ ಒಂದು ನಾಡು. ಇನ್ನೂ ಬಾರದ ಸಂಕಟಗಳಿಗೆ, ಯಾರೂ ಕೇಳದ ಸುಖಗಳಿಗೆ, ಎಷ್ಟು ನಾಡುಗಳು ಆ ಕಾಳುಗಳ ನಡುವೆ ಸುಮ್ಮನೆ ಮಲಗಿವೆಯೋ! ತಾನು ಲೆಕ್ಕವಿಡುತ್ತಿದ್ದ ನಾಡಿನಲ್ಲಿ ಅಷ್ಟೊಂದು ನಾಡುಗಳಿವೆ ಎಂದು ಮುತ್ತಜ್ಜನೂ ಹೇಳಿರಲಿಲ್ಲ, ಅಪ್ಪನೂ ಹೇಳಿರಲಿಲ್ಲ. ಅವನು ಕಾಲು ಮರಗಟ್ಟುವವರೆಗೆ ಅಲ್ಲಿಯೇ ಕೂತಿದ್ದ.

ಆಮೇಲೆ ಅವನು ಬದುಕಿರುವವರೆಗೆ ಕೆಲಸದ ಕ್ರಮ ಬದಲಾಯಿತು. ಮೊದಲು ಕಾಳು, ಆಮೇಲೆ ನೂಲು. ನೂಲು ಹಾಕುವ ಮೊದಲು ಬರೀ ಕಂಬಳಿಯ ಮುಂದೆ ಒಂದು ಹಗಲು ಕೂರುವುದು. ಒಮ್ಮೆ ದೊಡ್ಡದಾಗಿ ಹಾಕುವುದು, ಒಮ್ಮೆ ಸಣ್ಣದಾಗಿ ಹಾಕುವುದು. ಒಂದು ಗೇಣು ಸರಿಸಿದರೆ ಕಾಣುವುದು ಬದಲಾಗುತ್ತದೆಯೇ ನೋಡುವುದು. ಕೊನೆಯಲ್ಲಿ ಪಟ್ಟಿಯ ತಲೆಯ ಮೇಲೆ ಒಂದು ಸಾಲು ಬರೆಯುವುದು: “ಈ ನೂಲು ಹಾಕಿದವನು ನಾನು. ಬೇರೆಯವರು ಬೇರೆ ಹಾಕಿದರೆ ಬೇರೆ ಕಂಡೀತು.”

ನಾಯಕನಿಗೆ ಆ ಸಾಲು ಹಿಡಿಸಲಿಲ್ಲ. “ಇದೇನು, ಕರಣಿಕನಾಗಿ ಹೀಗೆ ಕೈ ಜಾರಿಸುತ್ತೀ?” ಎಂದ.

“ಇಲ್ಲ ಒಡೆಯಾ” ಎಂದ ಕರಣಿಕ. “ಇಷ್ಟು ವರ್ಷ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದೆ. ಈಗ ಮುಂದೆ ಚಾಚಿ ತೋರಿಸುತ್ತಿದ್ದೇನೆ.”

ಗುರುಗಳು ಕತೆ ನಿಲ್ಲಿಸಿದರು.

ಮರಿದೇವನಿಗೆ ಆ ಕರಿಯ ಕಂಬಳಿ ಕಾಣುತ್ತಿತ್ತು. ಆಮೇಲೆ ಎಚ್ಚೆತ್ತವನಂತೆ ತನ್ನ ಹಾಳೆಯನ್ನು ಎತ್ತಿಕೊಂಡ. “ತಿಳಿಯಿತು, ಅಜ್ಜಾರೇ” ಎಂದ. “ಊರೂರಿಗೂ ಹಾಕಬಾರದು, ಹೋಬಳಿಗೂ ಹಾಕಬಾರದು. ನಾನು ಮತ್ತೆ ಹೊರಡುತ್ತೇನೆ. ಹಸಿವು ತನ್ನ ಗಡಿಯನ್ನು ತಾನೇ ಎಲ್ಲಿ ಬರೆದುಕೊಂಡಿದೆಯೋ ಹುಡುಕುತ್ತೇನೆ. ಎಷ್ಟು ದೂರವಾದರೂ ಹೋಗುತ್ತೇನೆ.”

ಅವನು ಎದ್ದು ಬಾಗಿಲವರೆಗೆ ಹೋಗಿದ್ದ. ಗುರುಗಳು ಹಿಂದಿನಿಂದ ಕೇಳಿದರು.

“ನಮ್ಮ ಗೋಡೆಗೂ ಊರಿನ ಗಡಿಗಲ್ಲಿಗೂ ನಡುವೆ, ಹುಣಸೆಮರದ ಕೆಳಗೆ ನಿನಗೆ ದಾರಿ ಬಿಟ್ಟವರನ್ನು ಯಾವ ಊರಿಗೆ ಬರೆದೆಯಪ್ಪಾ?”